ಪೋರಬಂದರಿನ ಬೆಳಗಿನ ಆರು ಗಂಟೆ

ಆ ಡಿಸೆಂಬರಿನಲ್ಲಿ ವೆಂಕಟರವಣಪ್ಪ ತನ್ನ ತಂತಿಯನ್ನು ನಾಲ್ಕನೆಯ ಸಲ ಮರದಿಂದ ಇಳಿಸಿದ. ನೂರಮೂವತ್ತು ಅಡಿ ಉದ್ದದ ತಾಮ್ರದ ತಂತಿ. ಒಂದು ತುದಿ ಅವನ ಹಿತ್ತಲಿನ ನೀಲಗಿರಿ ಮರಕ್ಕೆ, ಇನ್ನೊಂದು ತುದಿ ಬೇಲಿಯಾಚೆ ಗೌಸ್ ಪೀರನ ರೇಷ್ಮೆ ನೂಲಿನ ಶೆಡ್ಡಿನ ಹಿಂದಿದ್ದ ಹುಣಸೆ ಮರಕ್ಕೆ. ಎಂಟು ವರ್ಷದಿಂದ ಅದು ಅಲ್ಲೇ ತೂಗುತ್ತಿತ್ತು. ಶಿಡ್ಲಘಟ್ಟದ ಆ ಬೀದಿಯವರು ಅದನ್ನು ಕತ್ತೆತ್ತಿ ನೋಡುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಹೊಸಬರು ಯಾರಾದರೂ ಕೇಳಿದರೆ, "ಅದು ನಮ್ಮ ತಂತಿ ರವಣಪ್ಪನೋರದ್ದು. ಗುಜರಾತಿನಲ್ಲಿ ಯಾರೋ ಪಾರ್ಸಿ ಸಾಹೇಬ್ರಂತೆ. ದಿನಾ ಬೆಳಿಗ್ಗೆ ಎದ್ದು ಅವರ ಜೊತೆ ಟಕಟಕ ಅಂತಾರೆ" ಎಂದು ಹೇಳಿ ತಮ್ಮ ದಾರಿ ಹಿಡಿಯುತ್ತಿದ್ದರು.

ಇಳಿಸಿದ ತಂತಿಯನ್ನು ರವಣಪ್ಪ ಅಂಗಳದಲ್ಲಿ ಉದ್ದಕ್ಕೂ ಹಾಸಿ, ಮೊಳಮೊಳವಾಗಿ ಬೆರಳಾಡಿಸುತ್ತ ನೋಡಿದ. ಎಲ್ಲೂ ಕಡಿದಿರಲಿಲ್ಲ. ಬೆಸುಗೆ ಹಾಕಿದ ಜಾಗಗಳನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಬೆಸೆದ. ತುದಿಯ ಪಿಂಗಾಣಿ ತುಂಡುಗಳಿಗೆ ಹತ್ತಿದ್ದ ಒಲೆಹೊಗೆಯ ಮಸಿಯನ್ನು ಸೀಗೆಪುಡಿ ಹಚ್ಚಿ ತೊಳೆದ. ಬಾವಿಯ ಪಕ್ಕ ನೆಲದೊಳಗೆ ಹೂತಿದ್ದ ತಾಮ್ರದ ತಗಡಿನ ಮೇಲಿಂದ ಮಣ್ಣು ತೆಗೆದು, ಹೊಸದಾಗಿ ಇದ್ದಿಲೂ ಉಪ್ಪೂ ತುಂಬಿ ಎಂಟು ಕೊಡ ನೀರು ಹೊಯ್ದ. ನೆಲ ಒಣಗಿದರೆ ತಂತಿಗೆ ಹಿಡಿತವಿಲ್ಲ, ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದನ್ನೆಲ್ಲ ಮಾಡಿ ಮುಗಿಸಿ, ಮರುದಿನ ಬೆಳಿಗ್ಗೆ ಆರು ಗಂಟೆಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತ. ಏನೂ ಇರಲಿಲ್ಲ. ಪೋರಬಂದರಿನ ಆ ಪಾರ್ಸಿ, ಪೆಸ್ತನ್‌ಜಿ, ಬರಲಿಲ್ಲ.

ಯುದ್ಧದ ಕಾಲದಲ್ಲಿ ರವಣಪ್ಪ ಸೈನ್ಯದ ಸಿಗ್ನಲ್ಸ್ ದಳದಲ್ಲಿದ್ದ. ಬರ್ಮಾದ ಗಡಿಯಲ್ಲಿ ಮೂರು ವರ್ಷ ಫಿರಂಗಿಗಳ ಪಕ್ಕದಲ್ಲೇ ಕುಳಿತು ಮೋರ್ಸ್ ಬಡಿದ. ಊರಿಗೆ ಬಂದು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾದ ಮೇಲೂ ಬೆರಳಿನ ತುರಿಕೆ ಹೋಗಲಿಲ್ಲ. ಬೆಂಗಳೂರಿನಲ್ಲಿ ಸೈನ್ಯದ ಹಳೆಯ ಸಾಮಾನು ಮಾರುವ ಕಡೆಯಿಂದ ಒಂದು ರಿಸೀವರ್ ತಂದ. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡು, ಟ್ರಾನ್ಸ್‌ಮಿಟರನ್ನು ತಾನೇ ಕೂಡಿಸಿದ. ಎಂಬತ್ತು ಮೀಟರಿನ ಉದ್ದ ಅಲೆ ಅವನದ್ದು. ಹಗಲಿನಲ್ಲಿ ಅದು ಚಿಂತಾಮಣಿ ದಾಟಿ ಹೋಗುವುದೂ ಕಷ್ಟ; ಬಿಸಿಲಿರುವಾಗ ಆಕಾಶದ ಕೆಳಪದರವೊಂದು ಆ ಅಲೆಯನ್ನು ಹೀರಿ ಕುಡಿದುಬಿಡುತ್ತದೆ. ಕತ್ತಲಾದರೆ ಆ ಪದರ ಕರಗಿ, ಅಲೆ ಇನ್ನೂ ಮೇಲಕ್ಕೇರಿ ಅಲ್ಲಿಂದ ಪುಟಿದು ಸಾವಿರ ಮೈಲಿ ಆಚೆಗೆ ಬೀಳುತ್ತದೆ. ಶಿಡ್ಲಘಟ್ಟದಲ್ಲಿ ಬೆಳಕು ಹರಿಯುವ ಹೊತ್ತಿಗೆ ಪಶ್ಚಿಮ ಕರಾವಳಿಯ ಪೋರಬಂದರಿನಲ್ಲಿ ಇನ್ನೂ ಒಳ್ಳೆಯ ಕತ್ತಲು. ಆರರಿಂದ ಆರೂಮುಕ್ಕಾಲರ ತನಕದ ಆ ಒಂದಿಷ್ಟು ಹೊತ್ತಿನಲ್ಲಿ ಪೆಸ್ತನ್‌ಜಿಯ ಸದ್ದು ಪಕ್ಕದ ಕೋಣೆಯಿಂದ ಬಂದಷ್ಟು ಸ್ಪಷ್ಟವಾಗಿರುತ್ತಿತ್ತು. ಆಮೇಲೆ ಸೂರ್ಯ ಬಂದು ಬಾಗಿಲು ಮುಚ್ಚುತ್ತಿದ್ದ.

ಪೆಸ್ತನ್‌ಜಿ ಹಡಗುಗಳಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತನಾದ ಮುದುಕ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿರಲಿಲ್ಲ. ಆದರೆ ಅವನು ಮೋರ್ಸ್ ಕೀಲಿ ಒತ್ತುವ ರೀತಿ ರವಣಪ್ಪನಿಗೆ ನಡಿಗೆಯಷ್ಟೇ ಪರಿಚಿತವಾಗಿತ್ತು. ಉದ್ದ ಸದ್ದುಗಳನ್ನು ಸ್ವಲ್ಪ ಎಳೆಯುತ್ತಿದ್ದ, ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುವವನ ಹಾಗೆ. ಮಾತು ಮಿತ. ಇಂದು ಗಾಳಿ ಜೋರು. ಮೀನು ಸಿಕ್ಕಲಿಲ್ಲ. ಷಿರೀನಳ ಕೆಮ್ಮು ಕಡಿಮೆಯಾಗಿದೆ. ಷಿರೀನ್ ಹಾಕಿದ ನಿಂಬೆಗಿಡ ಹೂ ಬಿಟ್ಟಿದೆ. ಷಿರೀನ್ ಅವನ ಹೆಂಡತಿ. ಪ್ರತಿದಿನ ಕೊನೆಗೆ ರವಣಪ್ಪ ಒಂದೇ ಮಾತು ಬಡಿಯುತ್ತಿದ್ದ: "ಎಲ್ಲ ಸಿಕ್ಕಿತು, ತುಂಬ ಸಂತೋಷ, ಷಿರೀನ್‌ಬಾಯಿಗೆ ನಮಸ್ಕಾರ." ಆ ಕಡೆಯಿಂದ ಎರಡು ಚುಟುಕು ಸದ್ದು, ಟಿಕ್ ಟಿಕ್. ಅಲ್ಲಿಗೆ ದಿನದ ಮಾತು ಮುಗಿಯಿತು.

ಡಿಸೆಂಬರ್ ಒಂದು, ಸೋಮವಾರ. ಅಂದು ಪೆಸ್ತನ್‌ಜಿಯ ಸದ್ದು ತೀರ ಕ್ಷೀಣವಾಗಿತ್ತು. ಮಳೆಗಾಲದಿಂದಲೇ ಕ್ಷೀಣವಾಗುತ್ತ ಬಂದಿತ್ತು. ಸೂರ್ಯನ ಮೇಲೆ ಈ ವರ್ಷ ಕಲೆಗಳು ಹೆಚ್ಚು, ಅದಕ್ಕೇ ಹೀಗೆ ಎಂದು ಪತ್ರಿಕೆಯೊಂದರಲ್ಲಿ ಓದಿ ರವಣಪ್ಪ ಸಮಾಧಾನ ಮಾಡಿಕೊಂಡಿದ್ದ. ಅಂದು ಅಕ್ಷರಗಳೇ ಕೂಡಲಿಲ್ಲ. ಬಹಳ ದೂರದಲ್ಲಿ ಯಾರೋ ಏನೋ ಹೇಳುತ್ತಿದ್ದಾರೆ ಎಂಬುದಷ್ಟೇ ತಿಳಿಯುತ್ತಿತ್ತು. ಇನ್ನೊಮ್ಮೆ ಹೇಳು ಎಂದು ಕೇಳಲು ನಾಚಿಕೆಯಾಯಿತು. ಹಿಂದಿನ ವಾರ ಅವನು ಬಂದ ದಿನವೆಲ್ಲ ಕೇಳಿ ಕೇಳಿ ಸಾಕಾಗಿತ್ತು. ಆ ಗುಂಯ್ ಎನ್ನುವುದು ನಿಂತ ಮೇಲೆ ಕೈ ತಾನಾಗಿ ಹೋಗಿ ಎಂದಿನದನ್ನೇ ಬಡಿಯಿತು. ಎಲ್ಲ ಸಿಕ್ಕಿತು, ತುಂಬ ಸಂತೋಷ, ಷಿರೀನ್‌ಬಾಯಿಗೆ ನಮಸ್ಕಾರ.

ಟಿಕ್ ಟಿಕ್ ಬರಲಿಲ್ಲ. ಮರುದಿನ ಏನೂ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಕಚೇರಿಗೆ ನಡೆದು ಹೋಗುವಾಗ ಒಂದು ಯೋಚನೆ ರವಣಪ್ಪನ ಬೆನ್ನು ಹತ್ತಿತು. ಸೋಮವಾರ ಪೆಸ್ತನ್‌ಜಿ ಬಹಳ ಹೊತ್ತು ಬಡಿದಿದ್ದ. ಎಂಟು ವರ್ಷದಲ್ಲಿ ಎಂದೂ ಅಷ್ಟು ಮಾತಾಡಿದವನಲ್ಲ. ಏನು ಹೇಳಿದ? ನಾನು ಯಾವುದಕ್ಕೆ ಸಂತೋಷ ಎಂದೆ? ಇದೊಂದು ತಿಳಿದರೆ ಸಾಕು ಎನ್ನಿಸುತ್ತಿತ್ತು. ತಿಳಿಯಬೇಕಾದರೆ ಅವನು ಮತ್ತೆ ಕೇಳಿಸಬೇಕು, ಅದಕ್ಕೆ ತಂತಿ ಸರಿಯಾಗಬೇಕು. ಕಾಗದ ಬರೆಯೋಣವೆಂದರೆ ವಿಳಾಸ ಗೊತ್ತಿರಲಿಲ್ಲ. ದಿನಾ ಮಾತಾಡುವವರಿಗೆ ವಿಳಾಸ ಏತಕ್ಕೆ?

ಹೀಗೆ ತಂತಿಯನ್ನು ನಾಲ್ಕು ಸಲ ಇಳಿಸಿ ಏರಿಸಿದ ಮೇಲೆ ಉಳಿದದ್ದು ಹಗ್ಗ ಒಂದೇ. ಹುಣಸೆ ಮರದ ಕಡೆಯ ತುದಿಗೆ ತೆಂಗಿನ ನಾರಿನ ಹಗ್ಗ ಮಳೆಗೆ ಕೊಳೆಯುತ್ತದೆಂದು, ನೂಲು ತೆಗೆದು ಉಳಿದ ಚಿಂದಿ ರೇಷ್ಮೆಯಲ್ಲಿ ಗೌಸ್ ಪೀರನೇ ಒಂದು ಹಗ್ಗ ಹೊಸೆದು ಕೊಟ್ಟಿದ್ದ. ರೇಷ್ಮೆ ಒಣಗಿದ್ದರೆ ವಿದ್ಯುತ್ತು ಹರಿಯದು; ಆದರೆ ಗೂಡಿನ ಅಂಟು ಹೋಗದ ರೇಷ್ಮೆಯಾದರೆ ಇಬ್ಬನಿ ಹೀರಿ ಒದ್ದೆಯಾಗುತ್ತದೆ, ತಂತಿಯ ಬಲವೆಲ್ಲ ಮರದೊಳಗೆ ಸೋರಿಹೋಗುತ್ತದೆ. ಮಾರ್ಗಶಿರದ ಇಬ್ಬನಿ ಬೇರೆ. ಅದೇ ಇರಬೇಕು. ರವಣಪ್ಪನಿಗೆ ಎಷ್ಟೋ ದಿನದ ಮೇಲೆ ಹಗುರವಾಯಿತು.

"ಲೇ, ಹಗ್ಗದ್ದೇ ಕಣೇ ತೊಂದ್ರೆ" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳಿದ. "ಗೌಸ್ ಸಾಬರು ಅಂಟು ಸರಿಯಾಗಿ ತೆಗ್ದಿಲ್ಲ."

ಹೆಂಡತಿ ವರಲಕ್ಷ್ಮಮ್ಮ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದವಳು ತಲೆಯೆತ್ತಲಿಲ್ಲ. ಏನೋ ಅಂದಳು.

"ಏನು?"

ಅವಳು ಜರಡಿ ಕೆಳಗಿಟ್ಟು ಎದ್ದು ಬಂದು ಅವನೆದುರು ನಿಂತಳು. ಈಚೆಗೆ ಅವಳಿಗೆ ಅದೊಂದು ಅಭ್ಯಾಸವಾಗಿತ್ತು, ಏನು ಹೇಳುವುದಿದ್ದರೂ ಎದುರು ಬಂದು ನಿಂತು ಹೇಳುವುದು. "ಅವರನ್ನೇ ಕರೆದು ಕೇಳಿ ಅಂದೆ. ಹಿಂದೆ ನಿಂತು ಹಗ್ಗಾನ ಬೈದ್ರೆ ಹಗ್ಗಕ್ಕೇನ್ ತಿಳೀತದೆ?"

"ಹೇಳಿ ಕಳ್ಸಿದೀನಿ."

"ಏನಂತ?"

"ಹಗ್ಗ ಸರಿಯಿಲ್ಲ ಅಂತ."

ವರಲಕ್ಷ್ಮಮ್ಮ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಇನ್ನೇನೋ ಹೇಳುವವಳಿದ್ದಳು. ಹೇಳದೆ ಜರಡಿಗೆ ಮರಳಿದಳು. ಆ ಮನೆಯಲ್ಲಿ ಆರು ತಿಂಗಳಿಂದ ಇಂಥ ಹೇಳದ ಮಾತುಗಳು ಬಹಳ ಸೇರಿಕೊಂಡಿದ್ದವು.

ಗೌಸ್ ಪೀರ್ ಮರುದಿನ ಬೆಳಗಿನ ಜಾವವೇ ಬಂದ. ತಲೆಗೆ ಮಫ್ಲರ್, ಹೆಗಲಿಗೆ ಟವಲ್ಲು, ಕಣ್ಣಲ್ಲಿ ಸಿಟ್ಟು. ಹತ್ತು ಚರಕಗಳ ಗದ್ದಲದ ನಡುವೆ ಕೂಗಿ ಕೂಗಿ ಅವನ ದನಿ ಯಾವಾಗಲೂ ಒಂದು ಪಟ್ಟು ಜೋರು.

"ಏನ್ ಸಾರ್, ನನ್ನ ಹಗ್ಗಕ್ಕೆ ಕುಂದು ಹೇಳಿದ್ರಂತೆ? ಊರಲ್ಲಿ ನನ್ನ ದಾಡಿ ಬಗ್ಗೆ ಏನ್ ಬೇಕಾದ್ರೂ ಹೇಳ್ಕೊಳ್ಳಿ, ನೂಲಿನ ಬಗ್ಗೆ ಹೇಳ್ಬೇಡಿ."

"ಕೂತ್ಕೊಳ್ಳಿ ಸಾಬ್ರೇ. ಅಂಟು ಉಳ್ಕೊಂಡಿದೆ ಅಂದೆ ಅಷ್ಟೆ."

"ಅಂಟು! ಸೋಪು ಸೋಡಾ ಹಾಕಿ ಎರಡು ಸಲ ಕುದಿಸಿ, ಮೇಣ ತಿಕ್ಕಿ ಹೊಸ್ದಿದೀನಿ. ನನ್ನ ಮದ್ವೆ ಶೇರ್ವಾನಿಗೂ ಅಷ್ಟು ಉಪಚಾರ ಆಗಿರ್ಲಿಲ್ಲ."

ಮಾತಾಡುತ್ತಲೇ ಬೇಲಿಯತ್ತ ಹೋಗಿ, ಹುಣಸೆ ಮರ ಹತ್ತಿ, ಹಗ್ಗವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉದ್ದಕ್ಕೂ ಎಳೆದು ನೋಡಿ ಇಳಿದು ಬಂದ. ಅಂಗೈ ಚಾಚಿ ತೋರಿಸಿದ. ಇಬ್ಬನಿಯ ಹೊತ್ತಿನಲ್ಲಿ ಅವನ ಬೆರಳು ಒಣಗಿದ್ದವು. "ಒಂದೆಳೆ ಕಡ್ದಿಲ್ಲ. ಒಂದು ಹನಿ ಕುಡ್ದಿಲ್ಲ. ಈಗ ನಿಮ್ಮ ಡಬ್ಬಿ ತೋರ್ಸಿ, ಅದ್ಕೇನು ರೋಗ ನೋಡೋಣ."

ಗಡಿಯಾರ ಆರು ದಾಟಿತ್ತು. ರವಣಪ್ಪ ರಿಸೀವರಿನ ಮುಂದೆ ಕುಳಿತು ಹೆಡ್‌ಫೋನ್ ಹಾಕಿದ. ಸದ್ದಿನ ತಿರುಪನ್ನು ಪೂರ್ತಿ ತಿರುಗಿಸಿಟ್ಟಿದ್ದ. ಒಳಗೆ ಮೆತ್ತನೆ ಹತ್ತಿ ತುರುಕಿದಂಥ ನಿಶ್ಶಬ್ದ. "ಈ ಚಳಿಗಾಲ ಆಕಾಶ ಎಷ್ಟು ಶಾಂತವಾಗಿದೆ ನೋಡಿ. ಗುಡುಗಿನ ಚರಪರ ಕೂಡ ಇಲ್ಲ. ಆದ್ರೆ ಅವನೂ ಇಲ್ಲ" ಎಂದು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

ಗೌಸ್ ಪೀರ್ ಅದನ್ನು ಎತ್ತಿಕೊಂಡು, ಮಫ್ಲರ್ ಸರಿಸಿ ಕಿವಿಗಿಟ್ಟುಕೊಂಡವನು "ಯಾ ಅಲ್ಲಾ!" ಎಂದು ಕೂಗಿ ಕಿತ್ತು ಎಸೆದ.

"ಏನಾಯ್ತು?"

"ಏನಾಯ್ತಾ? ಕಿವಿ ತೂತಾಯ್ತು! ಮೂಗಿಲಿ ಕೂಗಿದ ಹಂಗೆ ಕೀಂ ಕೀಂ ಕೀಂ ಅಂತ ಅಷ್ಟು ಜೋರಾಗಿ ಕೂಗ್ತಾ ಇದೆ. ಹಿಂದುಗಡೆ ಕಾದ ಬಾಣಲೆಗೆ ನೀರು ಚೆಲ್ಲಿದ ಹಂಗೆ ಚರಪರ. ಇದ್ಕೇನ್ ಸಾರ್ ನನ್ನ ಹಗ್ಗಾನ..."

ಮಾತು ಅರ್ಧಕ್ಕೆ ನಿಂತಿತು. ಗೌಸ್ ಪೀರ್ ರವಣಪ್ಪನನ್ನು ನೋಡಿದ. ರವಣಪ್ಪ ಹೆಡ್‌ಫೋನ್ ಕಸಿದುಕೊಂಡು ಹಾಕಿ, ಎರಡೂ ಕೈಯಿಂದ ಒತ್ತಿ ಹಿಡಿದು ಕಣ್ಣು ಮುಚ್ಚಿದ.

"ಅದು ಬೇರೆ ಯಾವುದೋ ಹಡಗಿನ ಸದ್ದು" ಎಂದ ಕೊನೆಗೆ. "ಪೋರಬಂದರಲ್ಲ. ನಿಮಗೇನ್ರೀ ಗೊತ್ತಾಗತ್ತೆ ಅದು? ಹೋಗಿ, ನಿಮ್ಮ ಕೆಲಸ ನೋಡ್ಕೊಳ್ಳಿ."

ಗೌಸ್ ಪೀರ್ ಎದ್ದ. ಬಾಗಿಲಲ್ಲಿ ತಿರುಗಿ, ಈ ಸಲ ದನಿ ತಗ್ಗಿಸದೆ ಆದರೆ ಸಿಟ್ಟಿಲ್ಲದೆ ಹೇಳಿದ: "ಹೋಗ್ತೀನಿ ಸಾರ್. ಹಗ್ಗದ ಮಾತೊಂದು ವಾಪಸ್ ತಗೊಂಬಿಡಿ."

ಆ ದಿನ ಕಚೇರಿಯಲ್ಲಿ ಅಮಲ್ದಾರರು ಮೂರು ಸಲ ಕರೆದರಂತೆ. ಪಕ್ಕದ ಮೇಜಿನ ಆವುಲಪ್ಪ ಮೊಣಕೈಯಿಂದ ತಿವಿದ ಮೇಲೆ ರವಣಪ್ಪ ಎದ್ದು ಹೋದ. "ಧ್ಯಾನದಲ್ಲಿದ್ರಾ ಸ್ವಾಮಿಗಳು?" ಎಂದು ಆವುಲಪ್ಪ ನಕ್ಕ. ಇದೇ ನಗು ಎಷ್ಟು ದಿನದಿಂದ ನಡೆಯುತ್ತಿದೆ ಎಂದು ರವಣಪ್ಪ ಅಂದು ಮೊದಲ ಸಲ ಲೆಕ್ಕ ಹಾಕಿದ. ಯುಗಾದಿಗೆ ಮುಂಚೆಯೇ ಇರಬೇಕು. ಬೆಳಿಗ್ಗೆ ಮರಕ್ಕೆ ಗಿಳಿಗಳು ಬರುವುದು ಬಿಟ್ಟಿವೆ ಎಂದು ಅವನು ಮಳೆಗಾಲದಲ್ಲಿ ಹೆಂಡತಿಗೆ ಹೇಳಿದ್ದ. ಅವಳು ಮರದತ್ತ ನೋಡಿ, ಅವನತ್ತ ನೋಡಿ, ಹೂಂ ಎಂದಿದ್ದಳು.

ಮಧ್ಯಾಹ್ನ ಮನೆಗೆ ಬಂದವನೇ ಅಂಗಿಯ ಜೇಬಿನಿಂದ ಗಡಿಯಾರ ತೆಗೆದು ಕೀ ಕೊಟ್ಟು ಎಡಗಿವಿಗೆ ಹಿಡಿದ. ಬಲಗಿವಿಗೆ ಹಿಡಿದ. ಸೈನ್ಯದಲ್ಲಿದ್ದಾಗ ಇದೇ ಗಡಿಯಾರದ ಸದ್ದಿಗೆ ನಿದ್ದೆ ಬರದೆ ಕಂಬಳಿಯಲ್ಲಿ ಸುತ್ತಿ ಇಡುತ್ತಿದ್ದ. ಈಗ ಲೋಹದ ತಣ್ಣನೆ ಮಾತ್ರ ಕಿವಿಗೆ ತಾಗಿತು. ವರಲಕ್ಷ್ಮಮ್ಮ ಎಲೆ ಹಾಕಲು ಬಂದವಳು ನಿಂತಳು. ಅವನು ಗಡಿಯಾರವನ್ನು ಅವಳ ಕಿವಿಯ ಬಳಿ ಹಿಡಿದ.

"ನಡೀತಾ ಇದೆಯಾ?"

ಅವಳು ತಲೆಯಾಡಿಸಿದಳು. ನಡೆಯುತ್ತಿದೆ.

ಅವನು ಗಡಿಯಾರವನ್ನು ಜೇಬಿಗೆ ಹಾಕಿಕೊಂಡ. ಅವಳು ಎಲೆ ಹಾಕಿ ಬಡಿಸಿದಳು. ಅವನು ಉಂಡ. ಮಜ್ಜಿಗೆಗೆ ಉಪ್ಪು ಸಾಕೇ ಎಂದು ಅವಳು ಅವನ ತೋಳು ಮುಟ್ಟಿ ಕೇಳಿದಳು, ಸಾಕು ಎಂದ.

ಸಂಜೆ ರವಣಪ್ಪ ಬೇಲಿ ದಾಟಿ ಶೆಡ್ಡಿಗೆ ಹೋದ. ಬೆಂದ ರೇಷ್ಮೆಗೂಡಿನ ವಾಸನೆ, ಹಬೆ. ಚರಕಗಳು ಸುತ್ತುತ್ತಿದ್ದವು. ಆ ಗದ್ದಲ ಅವನಿಗೆ ಎಲ್ಲೋ ಆಚೆ ಬೀದಿಯಲ್ಲಿ ಗಾಡಿ ಹೋದಂತೆ ಕೇಳಿಸಿತು. ಗೌಸ್ ಪೀರ್ ಬಿಸಿನೀರಿನ ಬೋಗುಣಿಯಿಂದ ಎಳೆ ಹುಡುಕುತ್ತಿದ್ದವನು ಕೈ ಒರೆಸಿಕೊಂಡು ಎದ್ದ.

"ಹಗ್ಗ ಸರಿಯಾಗಿದೆ ಸಾಬ್ರೇ" ಎಂದ ರವಣಪ್ಪ.

"ಅದು ನಂಗೊತ್ತು. ಮತ್ತೆ ಇನ್ಯಾವುದು ಸರಿಯಿಲ್ಲ?"

ರವಣಪ್ಪ ಕೈಯೆತ್ತಿ ತನ್ನ ಕಿವಿ ಮುಟ್ಟಿ ತೋರಿಸಿದ.

ಗೌಸ್ ಪೀರ್ ಅವನನ್ನು ಹೊರಗೆ ಕರೆದುಕೊಂಡು ಬಂದು, ಹುಣಸೆ ಮರದ ಕೆಳಗಿನ ಕಲ್ಲಿನ ಮೇಲೆ ಕೂರಿಸಿ, ತಾನೂ ಕುಳಿತು ಬೀಡಿ ಹಚ್ಚಿದ. "ನಮ್ಮ ಅಬ್ಬಾಗೂ ಹಿಂಗೇ ಆಗಿತ್ತು ಸಾರ್. ಕೇಳ್ಸಲ್ಲ ಅಂತ ಹೇಳೋಕೆ ಮರ್ಯಾದೆ. ಯಾರ್ ಏನಂದ್ರೂ ಹಾಂ ಹಾಂ ಅನ್ನೋರು. ಒಂದ್ಸಲ ನಮ್ಮ ಚಾಚಾ ಬಂದು, ಎಮ್ಮೆ ನಾನ್ ಹೊಡ್ಕೊಂಡ್ ಹೋಗ್ತೀನಿ ಅಂದ್ರು. ಅಬ್ಬಾ ಹಾಂ ಅಂದ್ರು. ಎಮ್ಮೆ ಹೋಯ್ತು! ಆಮೇಲೆ ಆರು ತಿಂಗ್ಳು ಅಮ್ಮ ಅವರಿಗೆ ಚಾಯ್‌ಗೆ ಹಾಲು ಹಾಕ್ಲಿಲ್ಲ."

ರವಣಪ್ಪನಿಗೆ ನಗು ಬಂತು. "ನಾನೂ ಹಾಂ ಅಂದ್ಬಿಟ್ಟಿದೀನಿ ಸಾಬ್ರೇ" ಎಂದ. "ಯಾತಕ್ಕೆ ಅಂದೆ ಅಂತ ಗೊತ್ತಿಲ್ಲ."

ಸೋಮವಾರದ ಸಂಗತಿಯನ್ನು ಹೇಳಿದ. ಗೌಸ್ ಪೀರ್ ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿ, "ನಾಳೆ ಬರ್ತೀನಿ" ಎಂದ. "ನಿಮ್ಮ ಭಾಷೆ ನಂಗ್ ಬರಲ್ಲ. ಕಿವಿ ಇದೆ. ಸಾಲ್ದು ಅಂದ್ರೆ ಆಮೇಲೆ ನೋಡೋಣ."

ಮರುದಿನ ಇಬ್ಬನಿ ದಟ್ಟವಾಗಿತ್ತು. ಗೌಸ್ ಪೀರ್ ಹೆಡ್‌ಫೋನ್ ಹಾಕಿಕೊಂಡು, ಸದ್ದಿನ ತಿರುಪನ್ನು ರವಣಪ್ಪ ಇಳಿಸುತ್ತ ಬಂದಂತೆ "ಸಾಕು, ಈಗ ಸರಿ" ಎಂದ. ಸ್ವಲ್ಪ ಹೊತ್ತಿಗೆ ನೆಟ್ಟಗೆ ಕುಳಿತ. "ಬಂತು! ಅದೇ ಕೀಂ ಕೀಂ. ಉದ್ದ ಒಂದು... ಗಿಡ್ಡ ಒಂದು... ಅಯ್ಯೋ ತಡೀರಿ, ಗಿಡ್ಡ ಗಿಡ್ಡ... ಛೇ, ನಾನ್ ಹೇಳೋದ್ರೊಳಗೆ ಮೂರು ಹೋಗ್ತವೆ ಸಾರ್!"

ಬಾಯಿ ಆ ವೇಗಕ್ಕೆ ಒಗ್ಗುವಂತಿರಲಿಲ್ಲ. ಗೌಸ್ ಪೀರ್ ಎರಡು ಸಲ ತಪ್ಪಿದ, ಮೂರನೆಯ ಸಲ ತೊಡೆ ಬಡಿದುಕೊಂಡ. ಆಮೇಲೆ, ಯೋಚಿಸಿ ಮಾಡಿದ ಹಾಗೆ ಕಾಣಲಿಲ್ಲ, ಹೆಗಲ ಮೇಲಿನ ಟವಲ್ಲನ್ನು ಎಳೆದು ಇಬ್ಬರ ತೊಡೆಯ ಮೇಲೆ ಹರಡಿ, ಅದರ ಕೆಳಗೆ ರವಣಪ್ಪನ ಎಡಗೈಯನ್ನು ಹಿಡಿದುಕೊಂಡ. ಗೂಡಿನ ವ್ಯಾಪಾರದಲ್ಲಿ ದಿನಾ ನಡೆಯುವುದೇ ಹಾಗೆ. ಕೊಳ್ಳುವವನೂ ಮಾರುವವನೂ ಟವಲ್ಲಿನ ಮರೆಯಲ್ಲಿ ಕೈ ಹಿಡಿದು, ಬಾಯಿ ಬಿಡದೆ, ಬೆರಳು ಒತ್ತಿ ದರ ಕುದುರಿಸುತ್ತಾರೆ; ಸುತ್ತ ನಿಂತ ನೂರು ಜನಕ್ಕೆ ಏನೂ ತಿಳಿಯುವುದಿಲ್ಲ. ಮೂವತ್ತು ವರ್ಷದಿಂದ ಗೌಸ್ ಪೀರನ ಅರ್ಧ ಮಾತು ನಡೆದದ್ದು ಅಲ್ಲೇ. ಈಗ ಅವನು ಕಣ್ಣು ಮುಚ್ಚಿಕೊಂಡ. ಅವನ ಹೆಬ್ಬೆರಳು ರವಣಪ್ಪನ ಅಂಗೈಯನ್ನು ಒತ್ತಿತು. ಉದ್ದ ಸದ್ದಿಗೆ ಉದ್ದಕ್ಕೆ, ಗಿಡ್ಡ ಸದ್ದಿಗೆ ಗಿಡ್ಡಕ್ಕೆ.

ಅದು ಲೈಸೆನ್ಸಿನ ಜೊತೆ ರವಣಪ್ಪನಿಗೆ ಕೊಟ್ಟಿದ್ದ ಅವನದೇ ಕರೆಗುರುತು. ಪೆಸ್ತನ್‌ಜಿ ಕರೆಯುತ್ತಿದ್ದ. ಉದ್ದ ಸದ್ದುಗಳನ್ನು ಸ್ವಲ್ಪ ಎಳೆದು, ಮೆಟ್ಟಿಲ ಮೇಲೆ ದಣಿವಾರಿಸಿಕೊಳ್ಳುವ ಅದೇ ಕೈ, ಗೌಸ್ ಪೀರನ ಹೆಬ್ಬೆರಳಿನೊಳಗಿಂದ ಬರುತ್ತಿತ್ತು. ಇದ್ದೀಯಾ, ಇದ್ದೀಯಾ ಎಂದು ಕೇಳುತ್ತಿತ್ತು.

ಬಲಗೈಯನ್ನು ಕೀಲಿಯ ಮೇಲಿಟ್ಟು ರವಣಪ್ಪ ಬಡಿದ: ಇದ್ದೇನೆ. ತುಂಬ ನಿಧಾನವಾಗಿ ಹೇಳು.

ಆಮೇಲೆ ಅವನ ಕೈ ನಿಂತಿತು. ಈಗಲೂ ಸುಲಭದ ದಾರಿಯೊಂದಿತ್ತು. ತಂತಿ ಕೆಟ್ಟಿತ್ತು, ಅಂದಿನದು ಸಿಕ್ಕಲಿಲ್ಲ, ಮತ್ತೆ ಹೇಳು ಎಂದುಬಿಡಬಹುದು. ಯಾವ ರೇಡಿಯೋದವನೂ ಅದನ್ನು ತಪ್ಪೆನ್ನುವುದಿಲ್ಲ. ಅವನು ಕೀಲಿಯನ್ನು ನೋಡಿದ. ತಂತಿಯನ್ನು ನಾಲ್ಕು ಸಲ ಇಳಿಸಿದ ಕೈ ಅದು. ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರವಾಗಿ ಬಡಿದ: ಸೋಮವಾರ ನೀನು ಹೇಳಿದ್ದು ನನಗೆ ಕೇಳಿಸಲಿಲ್ಲ. ಕೇಳಿಸಿತೆಂದು ಸುಳ್ಳು ಹೇಳಿದೆ. ತಂತಿ ಚೆನ್ನಾಗಿದೆ. ನನ್ನ ಕಿವಿ ಹೋಗಿದೆ. ಮತ್ತೆ ಹೇಳು.

ಅಂಗೈಯಲ್ಲಿ ಏನೂ ಬರಲಿಲ್ಲ.

"ಹೋದ್ನಾ?" ಎಂದು ರವಣಪ್ಪ ಕೇಳಿದ.

ಗೌಸ್ ಪೀರ್ ಕಣ್ಣು ತೆರೆಯದೆ ತಲೆಯಾಡಿಸಿದ. "ಹೋಗಿಲ್ಲ ಅನ್ಸತ್ತೆ. ಸುಮ್ನಿದಾರೆ."

ನೂರು ಎಣಿಸುವಷ್ಟು ಹೊತ್ತು. ಆ ನಿಶ್ಶಬ್ದದಲ್ಲಿ ಆ ಕಡೆ ಒಬ್ಬ ಮನುಷ್ಯನಿದ್ದಾನೆ ಎಂಬುದು ರವಣಪ್ಪನಿಗೆ ಗೊತ್ತಿತ್ತು. ಹದಿನೈದು ದಿನ ಅವನು ಕೇಳಿದ ನಿಶ್ಶಬ್ದ ಬೇರೆ, ಇದು ಬೇರೆ.

ಹೆಬ್ಬೆರಳು ಮತ್ತೆ ಒತ್ತತೊಡಗಿತು. ಒಂದಕ್ಷರ. ಬಿಡುವು. ಇನ್ನೊಂದಕ್ಷರ. ಷಿರೀನ್ ಎಂಬ ಹೆಸರು ಬಂತು. ಆ ಹೆಸರಿನ ಮುಂದಿನ ಮೊದಲಕ್ಷರ ಬರುವಾಗಲೇ ರವಣಪ್ಪನಿಗೆ ತಿಳಿದುಹೋಯಿತು, ಆದರೂ ಕೊನೆಯ ತನಕ ಕಾದ. ಷಿರೀನ್ ತೀರಿಕೊಂಡಳು. ಗುರುವಾರ. ನಿನಗೆ ನಾಲ್ಕು ದಿನ ಬಿಟ್ಟು ಸೋಮವಾರ ಹೇಳಿದೆ. ನೀನು ಸಂತೋಷ ಎಂದೆ. ಎರಡು ದಿನ ಸೆಟ್ಟು ಮುಟ್ಟಲಿಲ್ಲ. ಮೂರನೆಯ ದಿನ ಅನ್ನಿಸಿತು, ಇವನು ಅಂಥವನಲ್ಲ. ಅಂದಿನಿಂದ ಕರೆಯುತ್ತಿದ್ದೇನೆ.

ಗೌಸ್ ಪೀರ್ ಕಣ್ಣು ಮುಚ್ಚಿ, ಒಳ್ಳೆಯ ಗೂಡಿನ ದರ ಕೂಡಿಬರುತ್ತಿದೆಯೋ ಎಂಬಷ್ಟು ಏಕಾಗ್ರತೆಯಿಂದ ಒತ್ತುತ್ತಲೇ ಇದ್ದ. ತನ್ನ ಬೆರಳು ಏನು ಹೇಳುತ್ತಿದೆ ಎಂಬುದರ ಅರಿವು ಅವನಿಗಿರಲಿಲ್ಲ.

ರವಣಪ್ಪನ ಸರದಿ ಬಂತು. ಏನು ಬಡಿಯುವುದು? ಅವಳನ್ನು ಅವನು ಕಂಡಿರಲಿಲ್ಲ. ಎಂಟು ವರ್ಷದ ಕೆಮ್ಮು, ಒಂದು ನಿಂಬೆಗಿಡ, ಪ್ರತಿದಿನ ಕಳಿಸಿದ ನಮಸ್ಕಾರ, ಅಷ್ಟೇ ಅವಳು ಅವನಿಗೆ. ಪುಸ್ತಕದಲ್ಲಿರುವ ಸಂತಾಪದ ಮಾತುಗಳೆಲ್ಲ ನೆನಪಾದವು, ಒಂದೂ ಬೆರಳಿಗೆ ಬರಲಿಲ್ಲ. ಕೊನೆಗೆ ಬಡಿದ: ಹೇಳು. ಇದ್ದೇನೆ.

ಪೆಸ್ತನ್‌ಜಿ ಹೇಳಿದ. ಅವಳ ಕೊನೆಯ ಸಂಜೆಯನ್ನು ಹೇಳಿದ. ಗಂಜಿ ಬೇಡವೆಂದದ್ದನ್ನು, ಕಿಟಕಿ ತೆರೆಸಿದ್ದನ್ನು, ಬೆಳಿಗ್ಗೆ ನಿನ್ನ ಶಿಡ್ಲಘಟ್ಟದವನಿಗೆ ಇದನ್ನೆಲ್ಲ ಹೇಳಬೇಡ, ಪಾಪ ಬೇಜಾರು ಮಾಡಿಕೊಳ್ಳುತ್ತಾನೆ ಎಂದದ್ದನ್ನು. ಮಧ್ಯೆ ಮಧ್ಯೆ ನಿಲ್ಲುತ್ತಿದ್ದ. ಆಗ ಹೆಬ್ಬೆರಳೂ ಅಂಗೈಯ ಮೇಲೆ ಹಾಗೇ ಕುಳಿತಿರುತ್ತಿತ್ತು. ವರಲಕ್ಷ್ಮಮ್ಮ ಎರಡು ಲೋಟ ಕಾಫಿ ಹಿಡಿದು ಬಾಗಿಲಿಗೆ ಬಂದವಳು, ಟವಲ್ಲಿನ ಕೆಳಗೆ ಕೈ ಹಿಡಿದು ಕುಳಿತ ಇಬ್ಬರು ಗಂಡಸರನ್ನೂ ಗಂಡನ ಮುಖವನ್ನೂ ನೋಡಿ, ಲೋಟಗಳನ್ನು ಹೊಸ್ತಿಲ ಬಳಿ ಇಟ್ಟು ಅಲ್ಲೇ ಕುಳಿತುಕೊಂಡಳು.

ಬೇಲಿಯ ಮೇಲಿನ ಇಬ್ಬನಿ ಬಿಳುಪೇರಿತು. ನೀಲಗಿರಿಯ ತುದಿಗೆ ಬಿಸಿಲು ತಾಗಿತು. ಹೆಬ್ಬೆರಳಿನ ಒತ್ತು ಹಗುರವಾಗುತ್ತಿರುವುದು ರವಣಪ್ಪನ ಗಮನಕ್ಕೆ ಬಂತು. ಗೌಸ್ ಪೀರನಿಗೆ ಕೈಸೋತಿತೇನೋ ಎಂದುಕೊಂಡ. ಅಲ್ಲ. ಸದ್ದು ತೆಳುವಾದಷ್ಟೂ ಅವನು ತನಗರಿಯದೆಯೇ ಮೆಲ್ಲಗೆ ಒತ್ತುತ್ತಿದ್ದ. ಪೋರಬಂದರು ದೂರ ಸರಿಯುತ್ತಿತ್ತು. ಒತ್ತು ಮುಟ್ಟಿದಷ್ಟಾಯಿತು, ಆಮೇಲೆ ಉಸಿರು ತಾಕಿದಷ್ಟು. ಅಷ್ಟರಲ್ಲೂ ಪೆಸ್ತನ್‌ಜಿ, ಅವನಿಗೂ ಸೂರ್ಯನ ಲೆಕ್ಕ ಗೊತ್ತಲ್ಲ, ಮಾತನ್ನು ಅರ್ಧಕ್ಕೆ ನಿಲ್ಲಿಸಿ ಬಡಿದ: ಉಳಿದದ್ದು ನಾಳೆ.

ಗೌಸ್ ಪೀರ್ ಇನ್ನೂ ಸ್ವಲ್ಪ ಹೊತ್ತು ಕೇಳಿಸಿಕೊಂಡು ಹೆಡ್‌ಫೋನ್ ತೆಗೆದ. ಕೈ ಝಾಡಿಸಿ ಬೆರಳು ಮುರಿದುಕೊಂಡ. "ಹೋಯ್ತು ಸಾರ್. ಈಗ ಬರೀ ಬಾಣಲೆ ಸದ್ದು. ಅಬ್ಬಬ್ಬಾ, ಇಷ್ಟೊತ್ತು ಜಗ್ಗಾಡೋ ಗಿರಾಕೀನ ನಾನ್ ನೋಡೇ ಇಲ್ಲ. ಏನಂದ್ರು ನಿಮ್ಮ ಸಾಹೇಬ್ರು, ವ್ಯಾಪಾರ ಕುದುರ್ತಾ?"

ಕೇಳಿದ ಮೇಲೆ ಅವನು ರವಣಪ್ಪನ ಮುಖ ನೋಡಿದ.

"ಅವರ ಮನೆಯವರು ತೀರ್ಕೊಂಡ್ರಂತೆ" ಎಂದ ರವಣಪ್ಪ. "ಅದನ್ನೇ ಹೇಳಿದ್ದು ಅವತ್ತು."

ಗೌಸ್ ಪೀರ್ ತುಟಿಯಲ್ಲೇ ಏನೋ ಪಠಿಸಿದ. ಆಮೇಲೆ ತನ್ನ ಬಲಗೈಯನ್ನು ಬಿಡಿಸಿ, ಬಿಸಿನೀರಿಗೆ ಬೆಂದು ಬೆಳ್ಳಗಾದ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದ.

"ಅಷ್ಟೂ ನನ್ನ ಕೈಯಿಂದಾನೇ ಹೋಯ್ತಾ ಸಾರ್?"

"ಹೂಂ."

"ದರ ಬಿಟ್ಟು ಈ ಕೈಲಿ ಯಾವತ್ತೂ ಬೇರೆ ಮಾತು ಆಡಿಲ್ಲ ನಾನು." ಟವಲ್ಲನ್ನು ಎತ್ತಿ ಮಡಚಿ ಹೆಗಲಿಗೆ ಹಾಕಿಕೊಂಡ. ವರಲಕ್ಷ್ಮಮ್ಮ ಆರಿದ ಕಾಫಿಯನ್ನು ಬಿಸಿ ಮಾಡಲು ಒಳಗೆ ತೆಗೆದುಕೊಂಡು ಹೋದಳು. ಗೌಸ್ ಪೀರ್ ಎದ್ದವನು ಮತ್ತೆ ಕುಳಿತ. ಅಷ್ಟು ಜೋರು ದನಿಯವನು ಅಂದು ಎಷ್ಟು ಮೆಲ್ಲಗೆ ಕೇಳಿದನೆಂದರೆ, ರವಣಪ್ಪ ಅವನ ತುಟಿ ನೋಡಿ ತಿಳಿದುಕೊಳ್ಳಬೇಕಾಯಿತು.

"ನಾಳೆ ಎಷ್ಟೊತ್ತಿಗೆ ಬರ್ಲಿ?"

"ಆರಕ್ಕೆ" ಎಂದ ರವಣಪ್ಪ. "ಇನ್ನೂ ಅರ್ಧ ಹೇಳೋದಿದೆ ಅವನಿಗೆ."